ಡಿಎಸ್‌ಪಿ ಸೌಂಡ್ ಕಾರ್ಡ್: ಚಿಪ್ ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ

ಹೊಸಕಿವಿ

ಮನೆಯ ಡೆಸ್ಕ್‌ಟಾಪ್‌ನಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡೋದಕ್ಕೆ ಸಲಹೆ ಬೇಕು. ಒಂದು ಮೈಕ್, ಒಂದು ಗಿಟಾರ್, ಉಳಿದದ್ದೆಲ್ಲ ವರ್ಚುವಲ್ ವಾದ್ಯ. ಒಟ್ಟು 30-40 ಟ್ರ್ಯಾಕ್. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಒಟ್ಟುಗೂಡಿಸಿ ನೋಡುವ ದನಿಯ ತುಣುಕುಗಳ, ಅಂದರೆ ಸ್ಯಾಂಪಲ್‌ಗಳ ಲೆಕ್ಕ) 512ಕ್ಕೆ ಇಟ್ಟರೆ ಹಾಡುವವರಿಗೆ ಹೆಡ್‌ಫೋನ್‌ನಲ್ಲಿ ತಮ್ಮ ದನಿ ತಡವಾಗಿ ಕೇಳುತ್ತೆ. 64ಕ್ಕೆ ಇಳಿಸಿದರೆ ಪಟಪಟ ಸದ್ದು ಬರುತ್ತೆ. ದನಿಯ ಲೆಕ್ಕಕ್ಕೆಂದೇ ಬೇರೆ ಚಿಪ್ ಇರುವ ಸೆಕೆಂಡ್ ಹ್ಯಾಂಡ್ ಡಿಎಸ್‌ಪಿ ಕಾರ್ಡ್ ಹಾಕಿದರೆ ಎರಡೂ ಸರಿಹೋಗುತ್ತಾ? ನಾಲ್ಕು ಚಿಪ್ಪಿನದು ಸಾಕಾ, ಎಂಟರದು ಬೇಕಾ?

ಮಂದ್ರ

ಚಿಪ್ಪಿನ ಲೆಕ್ಕ ಆಮೇಲೆ ನೋಡೋಣ. ಮೊದಲು ತಿಳಿಯಬೇಕಾದ್ದು, ದನಿ ಹೋಗಿ ಬರುವ ದಾರಿಯಲ್ಲಿ ಆ ಡಿಎಸ್‌ಪಿ ಎಲ್ಲಿ ಕೂತಿದೆ ಅಂತ.

ಒಂದು ಬಗೆಯ ಕಾರ್ಡಿಗೆ ಮೈಕ್ ಸಿಕ್ಕಿಸೋ ಜಾಗವೇ ಇರಲ್ಲ. 2008ರಲ್ಲಿ ಬಂದ, ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಯುಎಡಿ-2 ಕಾರ್ಡ್‌ಗಳು, ಅದಕ್ಕೂ ಹಿಂದಿನ ಯುಎಡಿ-1, ಟಿಸಿ ಪವರ್‌ಕೋರ್ ಪಿಸಿಐ, ಇವೆಲ್ಲ ಲೆಕ್ಕ ಮಾಡಿಕೊಡುವ ಯಂತ್ರಗಳಷ್ಟೇ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದು ಬಫರ್ ತುಂಬ ಸ್ಯಾಂಪಲ್‌ಗಳನ್ನು ಕಾರ್ಡಿಗೆ ಕಳಿಸುತ್ತೆ, ಕಾರ್ಡ್ ಅದಕ್ಕೆ ಕಂಪ್ರೆಸರ್ (ಜೋರು-ಮೆಲು ವ್ಯತ್ಯಾಸ ತಗ್ಗಿಸುವ ಎಫೆಕ್ಟ್) ಹಾಕಿ ವಾಪಸ್ ಕೊಡುತ್ತೆ. ಈ ಹೋಗಿಬರುವ ಕೆಲಸಕ್ಕೆ ಕನಿಷ್ಠ ಇನ್ನೊಂದು ಬಫರ್‌ನಷ್ಟು ಸಮಯ ಬೇಕು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ, 512 ಸ್ಯಾಂಪಲ್‌ಗೆ 10.7 ಮಿಲಿಸೆಕೆಂಡ್. ಒಂದೇ ಟ್ರ್ಯಾಕಿನಲ್ಲಿ ಇಂಥ ಮೂರು ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸುವ ಎಫೆಕ್ಟ್) ಸಾಲಾಗಿ ಹಾಕಿದರೆ 1,536 ಸ್ಯಾಂಪಲ್, ಅಂದರೆ 32 ಮಿಲಿಸೆಕೆಂಡ್. ಮಿಕ್ಸ್ ಮಾಡುವಾಗ ಸಾಫ್ಟ್‌ವೇರ್ ಉಳಿದ ಟ್ರ್ಯಾಕ್‌ಗಳನ್ನೂ ಅಷ್ಟೇ ತಡಮಾಡಿ ಹೊಂದಿಸಿಬಿಡುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಹಾಡುವವರಿಗೆ ಮಾತ್ರ ಇದು ಮೊದಲಿದ್ದದ್ದಕ್ಕಿಂತ ಕೆಟ್ಟ ಸ್ಥಿತಿ.

ಇನ್ನೊಂದು ಬಗೆಯಲ್ಲಿ ಮೈಕಿನ ದನಿ ಡಿಜಿಟಲ್ ಆದ ಕೂಡಲೇ, ಕಂಪ್ಯೂಟರಿಗೆ ಹೋಗೋ ಮೊದಲೇ ಡಿಎಸ್‌ಪಿಗೆ ಸಿಗುತ್ತೆ. ಅಲ್ಲಿಂದ ಒಂದು ಕವಲು ನೇರ ಹೆಡ್‌ಫೋನಿಗೆ, ಇನ್ನೊಂದು ಕಂಪ್ಯೂಟರಿಗೆ. ಕ್ರಿಯೇಟಿವ್‌ನ ಹಳೆಯ ಸೌಂಡ್ ಬ್ಲಾಸ್ಟರ್ ಲೈವ್, ಇ-ಎಂಯು 1212ಎಂ, ಕ್ರೀಮ್‌ವೇರ್ ಪಲ್ಸಾರ್ ಮತ್ತು ಸ್ಕೋಪ್, ಯುನಿವರ್ಸಲ್ ಆಡಿಯೋದ ಅಪೋಲೋ, ಆರ್‌ಎಂಇ ಫೈರ್‌ಫೇಸ್ ಯುಸಿಎಕ್ಸ್, ಎವಿಡ್ ಎಚ್‌ಡಿಎಕ್ಸ್ ಈ ಗುಂಪಿನವು. ಇಲ್ಲಿ ಹಾಡುವವರು ಕೇಳೋ ದನಿ ಬಫರ್ ಮೂಲಕ ಹೋಗೋದೇ ಇಲ್ಲ. ಬಫರ್ 1,024 ಇದ್ದರೂ ತಡ ಒಂದೆರಡು ಮಿಲಿಸೆಕೆಂಡ್ ಅಷ್ಟೇ.

ನಿಮ್ಮ ಮೊದಲ ತೊಂದರೆಗೆ ಎರಡನೇ ಬಗೆಯದೇ ಮದ್ದು. ಎರಡನೇ ತೊಂದರೆಗೆ ಬಹುಶಃ ಯಾವ ಕಾರ್ಡೂ ಮದ್ದಲ್ಲ. ವರ್ಚುವಲ್ ವಾದ್ಯಗಳು ಸಿಪಿಯು ಮೇಲೇ ಓಡೋದು, ಸ್ಯಾಂಪ್ಲರ್ ಹೊರೆಯನ್ನು ಈ ಕಾರ್ಡ್‌ಗಳು ಹೊರೋದಿಲ್ಲ. ಸ್ಕೋಪ್ ಥರದವು ತಮ್ಮದೇ ಸಿಂಥ್‌ಗಳನ್ನು ಕಾರ್ಡ್ ಮೇಲೆ ಓಡಿಸುತ್ತವೆ ನಿಜ, ಆದರೆ ನಿಮ್ಮ ಬಳಿ ಇರೋ ವಾದ್ಯಗಳನ್ನಲ್ಲ.

ಅಲೆರೇಖೆ

ಮಂದ್ರ ಅವರ ಮಾತಿಗೆ ಒಂದು ಸೇರ್ಪಡೆ. ಅಪೋಲೋ ಥರದ ಪೆಟ್ಟಿಗೆಯಲ್ಲಿ ಒಂದೇ ಚಿಪ್ ಎರಡೂ ಕೆಲಸ ಮಾಡುತ್ತೆ. ಪ್ಲಗಿನ್ ಅನ್ನು ಅದರ ಕನ್ಸೋಲ್ ಕಿಟಕಿಯಲ್ಲಿ, ಇನ್‌ಪುಟ್ ಚಾನೆಲ್ ಮೇಲೆ ಹಾಕಿದರೆ ಬಫರ್ ಇಲ್ಲದ ದಾರಿ. ಅದೇ ಪ್ಲಗಿನ್ ಅನ್ನು ರೆಕಾರ್ಡಿಂಗ್ ಸಾಫ್ಟ್‌ವೇರ್ ಟ್ರ್ಯಾಕ್ ಮೇಲೆ ಹಾಕಿದರೆ ಅದು ಮೊದಲ ಬಗೆಯ ಕಾರ್ಡ್ ಆಗಿಬಿಡುತ್ತೆ. "ಡಿಎಸ್‌ಪಿ ತಗೊಂಡರೂ ತಡ ಹೋಗಲಿಲ್ಲ" ಅನ್ನೋ ದೂರುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟೋದು.

ಇನ್ನೊಂದು ತಪ್ಪು, ಎರಡೂ ದಾರಿಗಳನ್ನು ಒಟ್ಟಿಗೆ ತೆರೆದಿಡೋದು. ಕಾರ್ಡಿನಿಂದ ನೇರ ಬಂದ ದನಿಯೂ ಸಾಫ್ಟ್‌ವೇರ್ ಸುತ್ತಿ ಬಂದ ದನಿಯೂ ಹೆಡ್‌ಫೋನ್‌ನಲ್ಲಿ ಸೇರುತ್ತವೆ. ವ್ಯತ್ಯಾಸ 1 ಮಿಲಿಸೆಕೆಂಡ್ ಇದ್ದರೆ 500, 1,500, 2,500 ಹರ್ಟ್ಸ್ ಹೀಗೆ ಸಾಲಾಗಿ ಸ್ವರಗಳು ಕಳೆದುಹೋಗಿ ದನಿ ಕೊಳವೆಯೊಳಗಿಂದ ಬಂದ ಹಾಗಿರುತ್ತೆ. ವ್ಯತ್ಯಾಸ ಇನ್ನೂ ಹೆಚ್ಚಾದರೆ ಇಬ್ಬರು ಹಾಡಿದ ಹಾಗೆ. ಮೈಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಆಫ್ ಮಾಡಿ, ರೆಕಾರ್ಡ್ ಬಟನ್ ಮಾತ್ರ ಆನ್ ಇರಲಿ.

ಹೊಸಕಿವಿ

ಹಾಗಾದರೆ ರಿವರ್ಬ್ (ಸಭಾಂಗಣದ ಗುಂಗು ತರುವ ಎಫೆಕ್ಟ್) ಹಾಕಿಕೊಂಡು ಹಾಡಿದರೆ ಅದು ರೆಕಾರ್ಡ್‌ನಲ್ಲೇ ಸೇರಿಹೋಗಲ್ವಾ?

ಅಲೆರೇಖೆ

ಅದು ನೀವು ಆರಿಸಿದ ಹಾಗೆ. ಬಹುತೇಕ ಕಾರ್ಡ್ ಮಿಕ್ಸರ್‌ಗಳಲ್ಲಿ ಎಫೆಕ್ಟನ್ನು ಕೇಳೋದಕ್ಕೆ ಮಾತ್ರವೋ ರೆಕಾರ್ಡಿಗೂ ಸೇರಿಯೋ ಅಂತ ಸ್ವಿಚ್ ಇರುತ್ತೆ. ರಿವರ್ಬ್ ಯಾವತ್ತೂ ಕೇಳೋದಕ್ಕೆ ಮಾತ್ರ. ಅದನ್ನು ಸೆಂಡ್ (ದನಿಯ ಒಂದು ನಕಲನ್ನು ಬೇರೆ ಕಡೆ ಕಳಿಸುವ ದಾರಿ) ಮೇಲೆ ಇಡಿ, ಚಾನೆಲ್ ಮೇಲೆ ಬೇಡ. ಕಂಪ್ರೆಸರ್ ಸೇರಿಸಲೇಬೇಕು ಅಂದರೆ 2:1ರಲ್ಲಿ, ಜೋರಾದ ಕಡೆ 3 ಡೆಸಿಬೆಲ್ ಇಳಿಯೋಷ್ಟು ಸಾಕು. ಹೆಚ್ಚಾದರೆ ಆಮೇಲೆ ತೆಗೆಯೋಕೆ ಆಗಲ್ಲ. ಅನುಮಾನ ಇದ್ದರೆ ಎರಡು ಟ್ರ್ಯಾಕ್ ತೆರೆದು ಒಂದಕ್ಕೆ ಬರೀ ದನಿ, ಇನ್ನೊಂದಕ್ಕೆ ಎಫೆಕ್ಟ್ ಸೇರಿದ ದನಿ ಕಳಿಸಿ.

ರೆಕಾರ್ಡ್ ಮಟ್ಟ ತುದಿಯಲ್ಲಿ −10 ಡೆಸಿಬೆಲ್ ಆಸುಪಾಸು ಇರಲಿ. 24 ಬಿಟ್‌ನಲ್ಲಿ ಇದರಿಂದ ಏನೂ ಕಳೆದುಕೊಳ್ಳಲ್ಲ.

ತಂತಿಬೆಸುಗೆ

ಸೆಕೆಂಡ್ ಹ್ಯಾಂಡ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ದುಡ್ಡು ಕೊಡೋ ಮೊದಲು ಪೆಟ್ಟಿಗೆ ಬಿಚ್ಚಿ ಸ್ಲಾಟ್ ನೋಡಿ.

ಹಳೆಯ ಪಿಸಿಐ ಕಾರ್ಡಿಗೂ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ಸಂಬಂಧವಿಲ್ಲ, ಕೂರೋದೇ ಇಲ್ಲ. ಪಿಸಿಐ ಕಾರ್ಡಿನ ಚಿನ್ನದ ಹಲ್ಲುಗಳ ಸಾಲಿನಲ್ಲಿ ಕಚ್ಚು ಎಲ್ಲಿದೆ ಗಮನಿಸಿ. ಒಂದು ಕಡೆ ಇದ್ದರೆ 5 ವೋಲ್ಟ್, ಇನ್ನೊಂದು ಕಡೆ ಇದ್ದರೆ 3.3 ವೋಲ್ಟ್, ಎರಡೂ ಇದ್ದರೆ ಎರಡಕ್ಕೂ ಹೊಂದುತ್ತೆ. ಮನೆ ಕಂಪ್ಯೂಟರಿನ ಪಿಸಿಐ ಸ್ಲಾಟ್‌ಗಳು ಸಾಮಾನ್ಯವಾಗಿ 5 ವೋಲ್ಟಿನವು. ಬಲವಂತ ಮಾಡಬೇಡಿ.

ಮದರ್‌ಬೋರ್ಡ್‌ನಲ್ಲಿ ಪಿಸಿಐ ಸ್ಲಾಟ್ ಇದೆ ಅಂದಮಾತ್ರಕ್ಕೆ ಆಯಿತು ಅಂತಲ್ಲ. ಈಚಿನ ಬೋರ್ಡ್‌ಗಳಲ್ಲಿ ಚಿಪ್‌ಸೆಟ್‌ನಲ್ಲಿ ಪಿಸಿಐ ಇಲ್ಲ, ನಡುವೆ ಒಂದು ಬ್ರಿಡ್ಜ್ ಚಿಪ್ ಹಾಕಿ ಸ್ಲಾಟ್ ಕೊಟ್ಟಿರುತ್ತಾರೆ. ಪ್ರಿಂಟರ್ ಪೋರ್ಟ್ ಕಾರ್ಡಿಗೆ ಅದು ಸಾಕು. ಸೆಕೆಂಡಿಗೆ ನೂರಾರು ಸಲ ತಾನೇ ಬಸ್ ಹಿಡಿದು ಡೇಟಾ ಎಳೆಯೋ ಡಿಎಸ್‌ಪಿ ಕಾರ್ಡಿಗೆ ಅಲ್ಲಿ ಕಾಯಬೇಕಾಗುತ್ತೆ, ಆಗಲೇ ಪಟ್ ಪಟ್ ಸದ್ದು. ಪಿಸಿಐ ಬಸ್‌ನ ಒಟ್ಟು ಅಳತೆಯೇ ಸೆಕೆಂಡಿಗೆ 133 ಮೆಗಾಬೈಟ್, ಅದನ್ನೂ ಎಲ್ಲ ಪಿಸಿಐ ಕಾರ್ಡ್‌ಗಳು ಹಂಚಿಕೊಳ್ಳಬೇಕು.

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಆದರೆ ನಿರಾಳ. ಎಕ್ಸ್1 ಕಾರ್ಡ್ ಎಕ್ಸ್16 ಸ್ಲಾಟಿನಲ್ಲೂ ಓಡುತ್ತೆ. ಆದರೆ ಬೋರ್ಡಿನ ಕೈಪಿಡಿ ಓದಿ. ಎಂ.2 ಎಸ್‌ಎಸ್‌ಡಿ ಹಾಕಿದಾಗ ಕೆಲವು ಸ್ಲಾಟ್ ಸತ್ತುಹೋಗುತ್ತವೆ, ಯಾಕೆಂದರೆ ಎರಡಕ್ಕೂ ದಾರಿ ಒಂದೇ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸೋ ಮೊದಲು ಅದನ್ನೊಮ್ಮೆ ತೆಗೆದು ನೋಡಬೇಕು. ಲ್ಯಾಪ್‌ಟಾಪ್‌ಗಾದರೆ ಥಂಡರ್‌ಬೋಲ್ಟ್ ಹೊರಪೆಟ್ಟಿಗೆಯಲ್ಲಿ ಹಾಕಬಹುದು, ಥಂಡರ್‌ಬೋಲ್ಟ್ ಒಳಗೆ ಪಿಸಿಐ ಎಕ್ಸ್‌ಪ್ರೆಸ್ಸೇ ಹರಿಯೋದು. ಬರೀ ಯುಎಸ್‌ಬಿ ಪೋರ್ಟಿನಲ್ಲಿ ಇದು ಆಗಲ್ಲ, ಪೋರ್ಟಿನ ಆಕಾರ ಒಂದೇ ಇದ್ದರೂ.

ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರ ಕೂರಿಸಿ. ಮೌಸ್ ಎಳೆದಾಗ, ಪುಟ ಸರಿಸಿದಾಗ ಸ್ಪೀಕರ್‌ನಲ್ಲಿ ಚಿರ್ ಅಂತ ಸಣ್ಣ ದನಿ ಬಂದರೆ ಅದು ಡ್ರೈವರ್ ತೊಂದರೆ ಅಲ್ಲ, ವಿದ್ಯುತ್ತಿನ ಗಲಾಟೆ. ಸ್ಪೀಕರಿಗೆ ಹೋಗೋ ವೈರನ್ನು ಮೂರು ತಂತಿಯ ಬ್ಯಾಲೆನ್ಸ್ಡ್ ಕೇಬಲ್‌ಗೆ ಬದಲಿಸಿ. ಎರಡೂ ತುದಿಯ ಜಾಕ್ ಬ್ಯಾಲೆನ್ಸ್ಡ್ ಆಗಿರಬೇಕು, ಇಲ್ಲದಿದ್ದರೆ ಆ ಕೇಬಲ್‌ನಿಂದ ಪ್ರಯೋಜನ ಇಲ್ಲ.

ಮಂದ್ರ

ಸ್ಲಾಟಿನಷ್ಟೇ ಮುಖ್ಯ ಡ್ರೈವರ್. ಪವರ್‌ಕೋರ್ ತಯಾರಿಕೆ ನಿಂತು ವರ್ಷಗಳಾದವು, ಹೊಸ ಡ್ರೈವರ್ ಇಲ್ಲ. ಅದನ್ನು ಕೊಂಡರೆ ಆ ಕಾಲದ ಆಪರೇಟಿಂಗ್ ಸಿಸ್ಟಮ್, ಆ ಕಾಲದ ಬೋರ್ಡ್ ಎಲ್ಲವನ್ನೂ ಜೊತೆಗೆ ಉಳಿಸಿಕೊಳ್ಳಬೇಕು. ಸ್ಕೋಪ್ ಕಾರ್ಡ್‌ಗಳನ್ನು ಕ್ರೀಮ್‌ವೇರ್ ನಂತರ ಸೋನಿಕ್ ಕೋರ್ ಮುಂದುವರಿಸಿತು. ಸೌಂಡ್ ಬ್ಲಾಸ್ಟರ್ ಲೈವ್‌ಗೆ ಕೆಎಕ್ಸ್ ಅನ್ನೋ ಹೊರಗಿನವರು ಬರೆದ ಡ್ರೈವರ್ ಇದೆ, ಅದರಲ್ಲಿ ಎಫೆಕ್ಟ್‌ಗಳನ್ನು ತೆರೆಯ ಮೇಲೆ ಗೆರೆ ಎಳೆದು ಜೋಡಿಸಬಹುದು. ಡಿಎಸ್‌ಪಿ ಒಳಗೆ ದನಿ ಹೇಗೆ ಹರಿಯುತ್ತೆ ಅಂತ ಕಲಿಯೋಕೆ ಅದಕ್ಕಿಂತ ಚೆನ್ನಾದ ಶಾಲೆ ಇಲ್ಲ. ಆದರೆ ಆ ಕಾರ್ಡಿನ ಇಎಂಯು10ಕೆ1 ಚಿಪ್ ಒಳಗೆ ಎಲ್ಲವೂ 48 ಕಿಲೋಹರ್ಟ್ಸ್. 44.1ರ ಪ್ರಾಜೆಕ್ಟ್ ಕೊಟ್ಟರೆ ಅದು ತಾನಾಗಿ ಬದಲಿಸಿಕೊಳ್ಳುತ್ತೆ, ಆ ಬದಲಾವಣೆಯಲ್ಲಿ ಮೇಲಿನ ಸ್ವರಗಳು ಕೆಡುತ್ತವೆ. ಅದರ ಮೇಲೆ ಕೆಲಸ ಮಾಡುವವರು ಪ್ರಾಜೆಕ್ಟನ್ನು 48ರಲ್ಲೇ ಶುರುಮಾಡಬೇಕು. ಇ-ಎಂಯು 1212ಎಂನಲ್ಲಿ ಇನ್ನೊಂದು ಮಿತಿ ಇದೆ: 44.1 ಮತ್ತು 48ರಲ್ಲಿ ಎಫೆಕ್ಟ್ ಸಿಗುತ್ತೆ, 96 ಅಥವಾ 192ಕ್ಕೆ ಹೋದರೆ ಸಿಗಲ್ಲ.

ಎಂಟನೇಬಿಟ್

ಈಗ ಚಿಪ್ಪಿನ ಲೆಕ್ಕಕ್ಕೆ ಬರೋಣ. ಜಾಹೀರಾತು ನೋಡಿ ಒಟ್ಟು ಮಾಡಬೇಡಿ. ಯುಎಡಿ-2 ಥರದ ಕಾರ್ಡಿನಲ್ಲಿ ಒಂದು ಪ್ಲಗಿನ್ ಪೂರ್ತಿಯಾಗಿ ಒಂದೇ ಚಿಪ್ಪಿನಲ್ಲಿ ಹಿಡಿಯಬೇಕು, ಎರಡಕ್ಕೆ ಹರಿದು ಹಂಚೋಕೆ ಬರಲ್ಲ. ನಾಲ್ಕು ಚಿಪ್‌ಗಳಲ್ಲಿ ತಲಾ ಶೇ 20 ಖಾಲಿ ಇದೆ ಅನ್ನಿ. ಶೇ 30 ಬೇಡುವ ರಿವರ್ಬ್ ಅಲ್ಲಿ ಕೂರಲ್ಲ, "ಜಾಗ ಇಲ್ಲ" ಅನ್ನುತ್ತೆ, ಮೀಟರ್ ಮಾತ್ರ ಜಾಗ ಇದೆ ಅನ್ನುತ್ತೆ. ದಪ್ಪ ಪ್ಲಗಿನ್‌ಗಳನ್ನು ಮೊದಲು ಹಾಕಿ, ಸಣ್ಣವನ್ನು ಆಮೇಲೆ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಎಲ್ಲವನ್ನೂ ಡಿಸೇಬಲ್ ಮಾಡಿ, ದೊಡ್ಡದರಿಂದ ಒಂದೊಂದಾಗಿ ಎನೇಬಲ್ ಮಾಡುತ್ತಾ ಬನ್ನಿ.

ಎರಡನೆಯದು ಸ್ಯಾಂಪಲ್ ರೇಟ್. 48ರಲ್ಲಿ ಶೇ 12 ತಿನ್ನುವ ಪ್ಲಗಿನ್ 96ರಲ್ಲಿ ಸುಮಾರು ಶೇ 24 ತಿನ್ನುತ್ತೆ, ಸೆಕೆಂಡಿಗೆ ಎರಡರಷ್ಟು ಸ್ಯಾಂಪಲ್ ನೋಡಬೇಕಲ್ಲ. ಒಳಗೇ ರೇಟ್ ಏರಿಸಿಕೊಂಡು ಕೆಲಸ ಮಾಡುವ ಪ್ಲಗಿನ್‌ಗಳು ಮಾತ್ರ ಇಷ್ಟು ಏರಲ್ಲ. ಮೆಮೊರಿಯ ಮಿತಿಯೂ ಇದೆ. ಉದ್ದದ ಡಿಲೇ ಮತ್ತು ರಿವರ್ಬ್‌ಗಳು ಹಿಂದಿನ ದನಿಯನ್ನು ಚಿಪ್ಪಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಹಾಗಾಗಿ ಲೆಕ್ಕದ ಶಕ್ತಿ ಅರ್ಧ ಉಳಿದಿದ್ದರೂ ಮೆಮೊರಿ ಮುಗಿದು ಪ್ಲಗಿನ್ ನಿಲ್ಲಬಹುದು.

ಎಚ್‌ಡಿಎಕ್ಸ್ ಕಾರ್ಡ್ ಒಂದರಲ್ಲಿ 18 ಡಿಎಸ್‌ಪಿ ಇದೆ ಅಂತ ಬೆರಗಾಗೋದು ಸಹಜ. ಆದರೆ ಒಂದು ಮೈಕ್, ಒಂದು ಗಿಟಾರ್ ಹಿಡಿಯೋಕೆ ನಿಮಗೆ ಬೇಕಾದ್ದು ಎರಡು ಚಾನೆಲ್‌ಗೆ ಇಕ್ಯೂ (ಮಂದ್ರ-ತಾರ ಹೊಂದಿಸೋದು), ಕಂಪ್ರೆಸರ್, ಗಿಟಾರಿಗೆ ಆಂಪ್, ಇಬ್ಬರಿಗೂ ಸೇರಿ ಒಂದು ರಿವರ್ಬ್. ಒಂದೆರಡು ಚಿಪ್ ಸಾಕು.

ಡಿಎಸ್‌ಪಿ ದನಿ ಇಂಪು ಅನ್ನೋ ವಾದವೂ ಇಲ್ಲಿ ಬರುತ್ತೆ, ಅದನ್ನು ಅಳೆದೇ ನೋಡಬಹುದು. ಒಂದೇ ಪ್ಲಗಿನ್ ಡಿಎಸ್‌ಪಿಯಲ್ಲೂ ಸಿಪಿಯುವಿನಲ್ಲೂ ಸಿಗುತ್ತಿದ್ದರೆ, ಒಂದೇ ಹಾಡಿನ ತುಣುಕನ್ನು ಒಂದೇ ಸೆಟ್ಟಿಂಗ್‌ನಲ್ಲಿ ಎರಡು ಸಲ ರೆಂಡರ್ ಮಾಡಿ. ಎರಡನ್ನೂ ಸ್ಯಾಂಪಲ್‌ಗೆ ಸ್ಯಾಂಪಲ್ ಹೊಂದಿಸಿ ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ. ಮೌನ ಅಥವಾ ಕಿವಿಗೆ ಸಿಗದಷ್ಟು ಸಣ್ಣ ಉಳಿಕೆ ಬಂದರೆ ಎರಡೂ ಒಂದೇ. ಕೋರಸ್ ಥರದ ಅಲೆದಾಡುವ ಎಫೆಕ್ಟ್‌ನಲ್ಲಿ ಈ ಪರೀಕ್ಷೆ ನಡೆಯಲ್ಲ, ಪ್ರತಿ ಸಲ ಬೇರೆ ಕಡೆಯಿಂದ ಶುರುವಾಗುತ್ತೆ. ದನಿಯ ಗುಣ ಇರೋದು ಬರೆದ ಲೆಕ್ಕದಲ್ಲಿ, ಓಡಿಸುವ ಚಿಪ್ಪಿನಲ್ಲಲ್ಲ. ಹಳೆಯ 24 ಬಿಟ್ ಫಿಕ್ಸ್ಡ್ ಪಾಯಿಂಟ್ ಮೊಟೊರೊಲಾ ಚಿಪ್‌ಗಳಲ್ಲಿ ಒಂದು ವ್ಯತ್ಯಾಸ ನಿಜ: ಒಂದು ಪ್ಲಗಿನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಮಟ್ಟ ಸೊನ್ನೆ ಡೆಸಿಬೆಲ್ (ಡಿಜಿಟಲ್ ದನಿಯ ಗರಿಷ್ಠ) ದಾಟಿದರೆ ಅಲ್ಲೇ ಒಡೆಯುತ್ತೆ, ಮುಂದೆ ಫೇಡರ್ ಇಳಿಸಿದರೂ ಸರಿಹೋಗಲ್ಲ. ಅಂಥ ಕಾರ್ಡಿನಲ್ಲಿ ಪ್ರತಿ ಹಂತಕ್ಕೂ 6ರಿಂದ 12 ಡೆಸಿಬೆಲ್ ಜಾಗ ಬಿಡಿ. ಯುಎಡಿ-2ರಲ್ಲಿರುವ ಶಾರ್ಕ್ ಚಿಪ್‌ಗಳು ಫ್ಲೋಟಿಂಗ್ ಪಾಯಿಂಟ್, ಚಿಪ್ಪಿನ ಒಳಗಿನ ಲೆಕ್ಕದಲ್ಲಿ ಈ ಕಾಟ ಇಲ್ಲ.

ಹೊಸಕಿವಿ

ಸರಿ, ಚಿಪ್ ಎಣಿಸೋದು ಬಿಟ್ಟೆ. ಈಗಿರೋ ಇಂಟರ್‌ಫೇಸ್‌ನಲ್ಲಿ (ಮೈಕ್, ಹೆಡ್‌ಫೋನ್ ಸಿಕ್ಕಿಸುವ ಪೆಟ್ಟಿಗೆ) ತಡ ಎಷ್ಟು ಅಂತ ನಿಖರವಾಗಿ ತಿಳಿಯೋದು ಹೇಗೆ? ಸಾಫ್ಟ್‌ವೇರ್ 6.1 ಮಿಲಿಸೆಕೆಂಡ್ ಅಂತ ತೋರಿಸುತ್ತೆ.

ಅಲೆರೇಖೆ

ಅದು ಡ್ರೈವರ್ ಹೇಳುವ ಮಾತು. ಅಳೆದು ನೋಡೋಣ.

ಸ್ಪೀಕರ್ ಆಫ್ ಮಾಡಿ. ಇಂಟರ್‌ಫೇಸ್‌ನ ಲೈನ್ ಔಟ್ 1ರಿಂದ ಲೈನ್ ಇನ್ 1ಕ್ಕೆ ಒಂದು ಗಿಡ್ಡ ಕೇಬಲ್ ಹಾಕಿ. ಮೈಕ್ ಇನ್‌ಪುಟ್ ಬೇಡ, ಮೈಕಿಗೆ ವಿದ್ಯುತ್ ಕೊಡುವ ಫ್ಯಾಂಟಮ್ 48 ವೋಲ್ಟ್ ಆಫ್ ಇರಲೇಬೇಕು. ಮಾನಿಟರಿಂಗ್ ಎಲ್ಲ ಕಡೆ ಆಫ್, ಇಲ್ಲದಿದ್ದರೆ ದನಿ ಸುತ್ತಿಸುತ್ತಿ ಕಿರುಚುತ್ತೆ. 48 ಕಿಲೋಹರ್ಟ್ಸ್ ಪ್ರಾಜೆಕ್ಟಿನಲ್ಲಿ ಸರಿಯಾಗಿ 1 ಸೆಕೆಂಡಿಗೆ, ಅಂದರೆ 48,000ನೇ ಸ್ಯಾಂಪಲ್‌ಗೆ ಒಂದು ಕ್ಲಿಕ್ ಇಡಿ. ಅದನ್ನು ಔಟ್ 1ಕ್ಕೆ ಕಳಿಸುತ್ತಾ ಇನ್ 1ರಿಂದ ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಕಾಲದ ಗೆರೆಯನ್ನು ಸ್ಯಾಂಪಲ್ ಲೆಕ್ಕಕ್ಕೆ ಬದಲಿಸಿ, ಹಿಗ್ಗಿಸುತ್ತಾ ಹೋಗಿ, ಅಲೆ ಒಂದೊಂದು ಚುಕ್ಕೆಯಾಗಿ ಕಾಣುವವರೆಗೆ. ಹೊಸ ಟ್ರ್ಯಾಕಿನಲ್ಲಿ ಚೂಪಾದ ಕೋಲು ಸಿಗಲ್ಲ, ಮುಂದೆ ಹಿಂದೆ ಸಣ್ಣ ನಡುಕ ಇರುವ ಒಂದು ಗುಡ್ಡ ಸಿಗುತ್ತೆ. ಅದು ಕನ್ವರ್ಟರ್ ಫಿಲ್ಟರ್‌ನ ಗುರುತು, ಗುಡ್ಡದ ತುದಿಯನ್ನೇ ಹಿಡಿಯಿರಿ.

ಆ ತುದಿ 48,037ರಲ್ಲಿ ಇದೆ ಅನ್ನಿ. ಸಾಫ್ಟ್‌ವೇರ್ ತನಗೆ ಗೊತ್ತಿದ್ದ 6.1 ಮಿಲಿಸೆಕೆಂಡನ್ನು ಈಗಾಗಲೇ ಕಳೆದು ಇಟ್ಟಿದೆ, ಆದರೂ 37 ಸ್ಯಾಂಪಲ್ ಉಳಿಯಿತು. ಅಂದರೆ ಡ್ರೈವರ್ ಹೇಳದ ತಡ 0.77 ಮಿಲಿಸೆಕೆಂಡ್, ಒಟ್ಟು ಸುಮಾರು 6.9. ಈ 37ನ್ನು ರೆಕಾರ್ಡ್ ಆಫ್‌ಸೆಟ್ ಅನ್ನೋ ಜಾಗದಲ್ಲಿ ತುಂಬಿ ಮತ್ತೆ ರೆಕಾರ್ಡ್ ಮಾಡಿ. ತುದಿ 48,000ಕ್ಕೆ ಬರಬೇಕು, 48,074ಕ್ಕೆ ಹೋದರೆ ಚಿಹ್ನೆ ಉಲ್ಟಾ ಆಗಿದೆ. ಬಫರ್ ಬದಲಿಸಿ ಇನ್ನೆರಡು ಸಲ ಅಳೆಯಿರಿ. ಕೆಲವು ಡ್ರೈವರ್‌ಗಳ ತಪ್ಪು ಬಫರ್ ಜೊತೆಗೇ ಬದಲಾಗುತ್ತೆ.

6.9 ಮಿಲಿಸೆಕೆಂಡ್ ಅಂದರೆ ಸುಮಾರು 2.4 ಮೀಟರ್ ದೂರದ ಸ್ಪೀಕರ್ ಕೇಳಿದ ಹಾಗೆ. ಗಿಟಾರಿಗೆ ಪರವಾಗಿಲ್ಲ. ಹಾಡುವವರಿಗೆ ಸ್ವಂತ ದನಿ ಮೂಳೆಯ ಮೂಲಕವೂ ಕೇಳುವುದರಿಂದ 3ಕ್ಕಿಂತ ಕೆಳಗೆ ಇದ್ದರೆ ಒಳ್ಳೆಯದು.

ತಂತಿಬೆಸುಗೆ

64ರಲ್ಲಿ ಪಟಪಟ ಸದ್ದಿಗೆ ಮೊದಲು ಕಾರಣ ಹುಡುಕಿ, ಸಿಪಿಯು ಸಾಲದೇ ಇರಬೇಕು ಅಂತೇನಿಲ್ಲ. 64 ಸ್ಯಾಂಪಲ್ ಅಂದರೆ 48ರಲ್ಲಿ 1.33 ಮಿಲಿಸೆಕೆಂಡ್. ಅಷ್ಟರೊಳಗೆ ಬೇರೆ ಯಾವುದೋ ಡ್ರೈವರ್ ಸಿಪಿಯು ಹಿಡಿದುಕೊಂಡು ಬಿಡದಿದ್ದರೆ ಬಫರ್ ಖಾಲಿ, ಕಿವಿಗೆ ಪಟ್. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಅನ್ನೋ ಪರೀಕ್ಷಾ ಸಾಫ್ಟ್‌ವೇರನ್ನು ಹತ್ತು ಹದಿನೈದು ನಿಮಿಷ ಓಡಲು ಬಿಟ್ಟು, ಡ್ರೈವರ್ ಪಟ್ಟಿಯಲ್ಲಿ ಯಾವುದು ಹೆಚ್ಚು ಹೊತ್ತು ಹಿಡಿದಿದೆ ನೋಡಿ. ವೈಫೈ ಡ್ರೈವರ್ ಆದರೆ ರೆಕಾರ್ಡ್ ಮಾಡುವಾಗ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಇಡಿ, ಅದರ ಒಳಗಿನ ಸೆಟ್ಟಿಂಗ್‌ಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಇನ್ನೂ ಹೋಗದಿದ್ದರೆ ಬಯೋಸ್‌ನಲ್ಲಿ ಸಿ-ಸ್ಟೇಟ್ (ಸಿಪಿಯು ನಿದ್ದೆಗೆ ಜಾರುವ ವ್ಯವಸ್ಥೆ) ಆಫ್ ಮಾಡಿ ನೋಡಿ, ಬಿಸಿ ಸ್ವಲ್ಪ ಏರುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಗೊತ್ತಾಗಲ್ಲ.

ಪಟ್ ಸದ್ದು ಬಫರ್ ಎಷ್ಟೇ ಏರಿಸಿದರೂ, ಹೊರೆ ಇಲ್ಲದಿದ್ದರೂ ಬರ್ತಾ ಇದ್ದರೆ ಅದು ಬೇರೆ ರೋಗ. ಎಸ್/ಪಿಡಿಐಎಫ್ ಅನ್ನೋ ಡಿಜಿಟಲ್ ಜಾಕಿನಲ್ಲಿ ಇನ್ನೊಂದು ಪೆಟ್ಟಿಗೆ ಜೋಡಿಸಿದ್ದರೆ, ಎರಡೂ ತಮ್ಮ ತಮ್ಮ ಗಡಿಯಾರದಲ್ಲಿ ಓಡುತ್ತಿರಬಹುದು. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ಮಾತ್ರ ವ್ಯತ್ಯಾಸ ಇದ್ದರೂ 48 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಜಾರುತ್ತೆ. ಡಿಜಿಟಲ್ ದನಿ ಕಳಿಸುವ ಪೆಟ್ಟಿಗೆ ಇಂಟರ್ನಲ್‌ನಲ್ಲಿರಲಿ, ಕಾರ್ಡಿನ ಕ್ಲಾಕ್ ಅನ್ನು ಎಕ್ಸ್‌ಟರ್ನಲ್ ಎಸ್/ಪಿಡಿಐಎಫ್‌ಗೆ ಬದಲಿಸಿ.

ಹೊಸಕಿವಿ

ಲೇಟೆನ್ಸಿಮಾನ್ ಪಟ್ಟಿಯ ಮೇಲ್ತುದಿಯಲ್ಲಿ ವೈಫೈ ಡ್ರೈವರ್ರೇ ಇತ್ತು. ಡಿಸೇಬಲ್ ಮಾಡಿದ ಮೇಲೆ 128ರಲ್ಲಿ 34 ಟ್ರ್ಯಾಕ್ ಪಟ್ ಅನ್ನದೆ ಓಡುತ್ತಿವೆ. ಕೇಬಲ್ ಹಾಕಿ ಅಳೆದರೆ ಒಟ್ಟು ತಡ 7.4. ಆದರೂ ಹಾಡುವವರಿಗೆ ಒಮ್ಮೊಮ್ಮೆ ಬಹಳ ತಡವಾಗಿ ಕೇಳುತ್ತೆ, ಒಂದೇ ಬಫರ್‌ನಲ್ಲಿ.

ಮಂದ್ರ

ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರುವ ಕೊನೆಯ ಚಾನೆಲ್) ಮೇಲೆ ಲಿಮಿಟರ್ (ದನಿ ಒಂದು ಮಟ್ಟ ದಾಟದಂತೆ ತಡೆಯುವ ಎಫೆಕ್ಟ್) ಇದೆಯಾ ನೋಡಿ. ಮುಂದೆ ಬರುವ ದನಿಯನ್ನು ಮೊದಲೇ ನೋಡುವ ಲಿಮಿಟರ್, ಲೀನಿಯರ್ ಫೇಸ್ ಇಕ್ಯೂ ಇಂಥವು ಸಾವಿರಾರು ಸ್ಯಾಂಪಲ್ ತಡ ತರಬಹುದು, ಸಾಫ್ಟ್‌ವೇರ್ ಮೂಲಕ ಕೇಳುವ ಮಾನಿಟರಿಂಗ್ ಕೂಡ ಅದರ ಹಿಂದೆಯೇ ನಿಲ್ಲಬೇಕು. ರೆಕಾರ್ಡ್ ಮುಗಿಯೋವರೆಗೂ ಮಾಸ್ಟರ್ ಬರಿದಾಗಿರಲಿ.

ಅದನ್ನು ತೆಗೆದ ಮೇಲೂ 7.4 ಹೆಚ್ಚಾಯಿತು ಅನಿಸಿದರೆ ಇನ್‌ಪುಟ್ ದಾರಿಯಲ್ಲೇ ಡಿಎಸ್‌ಪಿ ಇರುವ ಇಂಟರ್‌ಫೇಸ್ ತಗೊಳ್ಳಿ, ಚಿಪ್ ಕಡಿಮೆ ಇರುವುದೇ ಸಾಕು. ಬರೀ ರಿವರ್ಬ್ ಸೇರಿಸಿ ಹಾಡಬೇಕು ಅಷ್ಟೇ ಅಂದರೆ ಅದೂ ಬೇಡ. ಈಗಿರೋ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಆನ್ ಮಾಡಿ ಮೈಕಿನ ದನಿಯನ್ನು ನೇರ ಕೇಳಿಸಿ. ಸಾಫ್ಟ್‌ವೇರ್‌ನಿಂದ ನೂರಕ್ಕೆ ನೂರು ರಿವರ್ಬ್ ಮಾತ್ರ, ಮೂಲ ದನಿ ಇಲ್ಲದೆ, ಹೆಡ್‌ಫೋನಿಗೆ ಕಳಿಸಿ. ರಿವರ್ಬ್ 7 ಮಿಲಿಸೆಕೆಂಡ್ ತಡವಾಗಿ ಬಂದರೆ ಕಿವಿಗೆ ಅದು ಪ್ರಿ-ಡಿಲೇ, ಅಂದರೆ ರಿವರ್ಬ್ ಶುರುವಾಗೋ ಮೊದಲಿನ ಸಣ್ಣ ಬಿಡುವು ಅಷ್ಟೇ.

ಎಂಟನೇಬಿಟ್

ಕೊನೆಗೂ ಡಿಎಸ್‌ಪಿ ಕಾರ್ಡೇ ಕೊಂಡರೆ, ಪ್ರತಿ ಹಾಡು ಮುಗಿದ ದಿನವೇ ಕಾರ್ಡಿನ ಎಫೆಕ್ಟ್ ಇರುವ ಎಲ್ಲ ಟ್ರ್ಯಾಕ್‌ಗಳನ್ನೂ ಎಫೆಕ್ಟ್ ಸಮೇತ ವೇವ್ ಫೈಲ್‌ಗಳಾಗಿ ರೆಂಡರ್ ಮಾಡಿ. ಎಲ್ಲವೂ ಹಾಡಿನ ಮೊದಲ ಸ್ಯಾಂಪಲ್‌ನಿಂದಲೇ ಶುರುವಾಗಲಿ, ಉದ್ದ ಒಂದೇ ಇರಲಿ. ಜೊತೆಗೆ ಎಫೆಕ್ಟ್ ಇಲ್ಲದ ಮೂಲ ಟ್ರ್ಯಾಕ್‌ಗಳೂ, ಪ್ಲಗಿನ್ ಸೆಟ್ಟಿಂಗ್‌ಗಳ ಒಂದು ಸ್ಕ್ರೀನ್‌ಶಾಟೂ. ಕೆಲವು ಹಳೆಯ ಕಾರ್ಡ್‌ಗಳು ನೈಜ ವೇಗಕ್ಕಿಂತ ಬೇಗ ರೆಂಡರ್ ಮಾಡಿದರೆ ತಪ್ಪುತ್ತವೆ, ಹಾಗಾಗಿ ರಿಯಲ್‌ಟೈಮ್ ರೆಂಡರ್ ಆರಿಸಿ. ನಾಲ್ಕು ನಿಮಿಷದ ಹಾಡಿಗೆ ನಾಲ್ಕು ನಿಮಿಷ ಕಾಯಬೇಕು. ರೆಂಡರ್ ಆದ ಫೈಲ್‌ಗಳನ್ನು ಖಾಲಿ ಪ್ರಾಜೆಕ್ಟಿನಲ್ಲಿ ತೆರೆದು ಒಮ್ಮೆ ಪೂರ್ತಿ ಕೇಳಿದ ಮೇಲೆಯೇ ಫೋಲ್ಡರ್ ಮುಚ್ಚಿ.